26ನೇ ವಾರದಲ್ಲಿ ಷುಗರ್ 152 ಬಂದಿದೆ, ಮಗುವಿಗೆ ಎಂತಾದ್ರೂ ಆಗ್ತದಾ?

ಗ್ಲೂಕೋಸ್ ಕುಡಿದು ಎರಡು ಗಂಟೆಗೆ 152, ಅತ್ತೆ ಅನ್ನ ಪೂರ್ತಿ ಬಿಡು ಅಂತಾರೆ, ಇನ್ಸುಲಿನ್ ಅಂದ್ರೆ ಹೆದರಿಕೆ ಅಂತ ಬರೆದಿದ್ದೀರಿ. ನಾನು ಕಾಸರಗೋಡಿನ ಬದಿಯಡ್ಕ ಹತ್ತಿರದವಳು, ಡಾಕ್ಟರಲ್ಲ, ಮೂರು ವರ್ಷದ ಹಿಂದೆ ಬಸುರಿಯಲ್ಲಿ ಬರುವ ಇದೇ ಷುಗರನ್ನು ಅನುಭವಿಸಿದವಳು. ಆ 75 ಗ್ರಾಂ ಗ್ಲೂಕೋಸ್ ನೀರು ನಿಂಬೆ ಹಿಂಡಿದ್ರೂ ಗಂಟಲಲ್ಲಿ ಇಳಿಯದೆ ಕಣ್ಣಲ್ಲಿ ನೀರು ಬಂದಿತ್ತು, ಆಮೇಲೆ ಸಿಸ್ಟರ್ ರಿಪೋರ್ಟ್ ನೋಡಿ "ಷುಗರ್ ಉಂಡ್" (ಷುಗರ್ ಉಂಟು) ಅಂದಾಗ ಕೈಕಾಲು ತಣ್ಣಗಾಯ್ತು.

ಮೊದಲು ಒಂದು ಮಾತು, ಸಿಹಿ ತಿಂದದ್ದಕ್ಕೇ ಬಂತು ಅಂತ ಯಾರಾದ್ರೂ ಹೇಳಿದ್ರೆ ಮನಸ್ಸಿಗೆ ಹಚ್ಕೋಬೇಡಿ. ಮಾಸಿನಿಂದ ಬರುವ ಹಾರ್ಮೋನು ನಮ್ಮ ಇನ್ಸುಲಿನ್ನಿಗೆ ಅಡ್ಡ ಬರ್ತದೆ, ಕೆಲವರ ಶರೀರಕ್ಕೆ ಅಷ್ಟು ಹೆಚ್ಚು ಇನ್ಸುಲಿನ್ ಮಾಡ್ಲಿಕ್ಕೆ ಆಗುದಿಲ್ಲ, ಅಷ್ಟೇ. ಗ್ಲೂಕೋಸ್ ಕುಡಿದು ಎರಡು ಗಂಟೆಗೆ 140 ಅಥವಾ ಅದಕ್ಕಿಂತ ಮೇಲೆ ಬಂದ್ರೆ ಬಸುರಿಯ ಷುಗರ್ ಅಂತ ಲೆಕ್ಕ.

ಮಗುವಿಗೆ ಆಗುದು ಹೇಗೆ ಅಂದ್ರೆ ನಮ್ಮ ರಕ್ತದ ಸಕ್ಕರೆ ಮಗುವಿಗೆ ದಾಟ್ತದೆ, ಇನ್ಸುಲಿನ್ ದಾಟುದಿಲ್ಲ, ಹಾಗಾಗಿ ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡಿ ಮಾಡಿ ದಪ್ಪ ಆಗ್ತದೆ, ಹೆರಿಗೆಯಲ್ಲಿ ಭುಜ ಸಿಕ್ಕಿಹಾಕಿಕೊಳ್ಳಬಹುದು, ತಾಯಿಗೆ ಬೀಪಿ ಏರುದು, ಸಿಸೇರಿಯನ್ ಆಗುದು ಎಲ್ಲ ಹೆಚ್ಚು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ನಮ್ಮ ಸಕ್ಕರೆ ನಿಲ್ತದೆ, ಮಗುವಿನ ಇನ್ಸುಲಿನ್ ಮಾತ್ರ ಹಾಗೇ ಇರ್ತದೆ, ಅದಕ್ಕೇ ಹುಟ್ಟಿದ ಕೂಡ್ಲೇ ಕೆಲವು ಮಕ್ಕಳ ಷುಗರ್ ಕುಸಿಯುದು. ನನ್ನ ಮಗಳ ಹಿಮ್ಮಡಿಗೆ ಸೂಜಿ ಚುಚ್ಚಿ ನೋಡಿದಾಗ 38, ಸಿಸ್ಟರೇ ಎತ್ತಿ ಎದೆಗೆ ಹಿಡಿಸಿದ್ರು, ಆಮೇಲೆ ನೋಡಿದಾಗ 52. ಆಗ ಉಸಿರು ಬಂತು ನನಗೆ. ಹುಟ್ಟುವಾಗಲೇ ಮಗುವಿಗೆ ಷುಗರ್ ಕಾಯಿಲೆ ಇರ್ತದೆ ಅಂತ ಅಲ್ಲ.

ಅನ್ನ ಬಿಟ್ಟು ಉಪವಾಸ ಇರಬೇಡಿ ದಯವಿಟ್ಟು. ನಮ್ಮಲ್ಲಿ ಅನ್ನ ಬಿಡು ಚಪಾತಿ ತಿನ್ನು ಅಂತಾರಲ್ಲ, ನಾಲ್ಕು ಚಪಾತಿ ತಿಂದ್ರೆ ಅದರಲ್ಲೂ ಷುಗರ್ ಏರ್ತದೆ. ನಾನು ಕುಚ್ಚಲಕ್ಕಿ ಅನ್ನವನ್ನೇ ಒಂದು ಸೌಟಿಗೆ ಇಳಿಸಿದೆ, ಮೊದಲು ಬಸಳೆ ಪದಾರ್ಥ, ಹೆಸರುಕಾಳು, ಬಂಗುಡೆ, ಕೊನೆಗೆ ಅನ್ನ, ಊಟ ಆದ ಮೇಲೆ ಅಂಗಳದಲ್ಲಿ ಹದಿನೈದು ನಿಮಿಷ ನಡಿಗೆ. ಒಳ್ಳೇದು ಅಂತ ದಿನಾ ಕುಡಿಯುತ್ತಿದ್ದ ಎರಡು ಬೊಂಡ (ಎಳನೀರು) ನಿಲ್ಲಿಸಿದೆ. ಸೀಮಂತದ ಹೋಳಿಗೆ ಒಂದು ಚೂರು ಮಾತ್ರ ತಿಂದೆ, ಚಿಕ್ಕಮ್ಮಂದಿರಿಗೆ ಬೇಸರ ಆಯ್ತು, ಆಗ್ಲಿ. ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಮ್ಮಿ, ಊಟ ಆಗಿ ಎರಡು ಗಂಟೆಗೆ 120ಕ್ಕಿಂತ ಕಮ್ಮಿ ಇರಬೇಕು ಅಂದಿದ್ರು, ಗೋಡೆಯ ಕ್ಯಾಲೆಂಡರಲ್ಲೇ ಬರೆದಿಡ್ತಿದ್ದೆ.

ನನಗೆ ಬೆಳಿಗ್ಗೆಯದ್ದು 100ರಿಂದ ಇಳಿಯಲೇ ಇಲ್ಲ, ಕೊನೆಗೆ ಇನ್ಸುಲಿನ್ ಬೇಕಾಯ್ತು. ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ ಮಗುವಿಗೆ ದಾಟುದಿಲ್ಲ, ಡಾಕ್ಟರ್ ಹೇಳಿದ್ರೆ ಹಿಂಜರಿಯಬೇಡಿ, ಮಗುವಿಗೆ ಕಷ್ಟ ಕೊಡುದು ಇಳಿಯದ ಸಕ್ಕರೆ.

ಇನ್ನೊಂದು, ಹೆರಿಗೆ ಆದ ಮೇಲೆ 6ರಿಂದ 12 ವಾರದ ಒಳಗೆ ತಾಯಿಗೆ ಪುನಃ ಅದೇ ಗ್ಲೂಕೋಸ್ ಟೆಸ್ಟ್ ಉಂಟು, ಮುಂದೆ ಷುಗರ್ ಬರುವ ಸಾಧ್ಯತೆ ನಮಗೆ ಜಾಸ್ತಿ. ಬಾಣಂತನದ ಗಡಿಬಿಡಿಯಲ್ಲಿ ನಾನು ಬಿಟ್ಟೆ, ಒಂದು ವರ್ಷ ಕಳೆದು ಮಾಡಿಸುವಾಗ ಬಾರ್ಡರಿಗೆ ಬಂದಿತ್ತು. ಮಗುವಿನ ಆರನೇ ವಾರದ ಇಂಜೆಕ್ಷನ್ನಿಗೆ ಹೇಗೂ ಹೋಗ್ತೀರಿ, ನಿಮ್ಮ ಟೆಸ್ಟಿಗೆ ಯಾವತ್ತು ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಅಲ್ಲೇ ಕೇಳಿ ಬರೆಸ್ಕೊಂಡು ಬನ್ನಿ.