‘ದಿ ಬುಕ್ ಆಫ್ ಸ್ಟ್ರೇಂಜ್ ನ್ಯೂ ಥಿಂಗ್ಸ್’ ಕಾದಂಬರಿ ನಂಬಿಕೆಯ ಕಥೆಯೋ, ಪ್ರೀತಿಯ ಕಥೆಯೋ?

ನನಗಂತೂ ಇದು ಮೊದಲು ಗಂಡ ಹೆಂಡತಿಯ ಕಥೆ. ಮಿಷೆಲ್ ಫೇಬರ್ ಅವರ ಈ ಕಾದಂಬರಿ 2014ರಲ್ಲಿ ಬಂತು. ಇಂಗ್ಲೆಂಡಿನ ಪಾದ್ರಿ ಪೀಟರ್, ಒಯೇಸಿಸ್ ಅನ್ನೋ ದೂರದ ಗ್ರಹಕ್ಕೆ ಬೈಬಲ್ ಬೋಧಿಸಲು ಹೋಗುತ್ತಾನೆ. ಹೆಂಡತಿ ಬಿಯಾ ಭೂಮಿಯಲ್ಲೇ ಉಳಿಯುತ್ತಾಳೆ. ಇಬ್ಬರ ನಡುವೆ ಇರುವುದು ಬರೀ ಪತ್ರಗಳು.

ಅಲ್ಲಿನ ಜೀವಿಗಳಿಗೆ ಬೈಬಲ್ ಎಷ್ಟು ಓದಿದರೂ ಸಾಲದು. ಯಾಕೆ ಅಂತ ತುಂಬಾ ತಡವಾಗಿ ತಿಳಿಯುತ್ತದೆ (ಪುಸ್ತಕ ಓದಬೇಕೆಂದಿದ್ದರೆ ಈ ಪ್ಯಾರಾ ಬಿಟ್ಟುಬಿಡಿ). ಅವರ ಮೈಗೆ ಗಾಯ ಮಾಯುವ ಶಕ್ತಿಯೇ ಇಲ್ಲ. ಕೈಗೆ ಪೆಟ್ಟಾದರೂ ಸಾವೇ. ಸತ್ತು ಮತ್ತೆ ಎದ್ದುಬಂದ ಯೇಸುವಿನ ಕಥೆ ಅವರಿಗೆ ಬದುಕುವ ಆಸೆ. ಇದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಇತ್ತ ಭೂಮಿಯಲ್ಲಿ ಅನಾಹುತದ ಮೇಲೆ ಅನಾಹುತ. ಬಿಯಾ ಬಸುರಿ ಬೇರೆ. ಪೀಟರ್ ಪತ್ರಗಳು ತೆಳ್ಳಗಾಗುತ್ತಾ ಹೋಗುತ್ತವೆ. ಹಿಂದೊಮ್ಮೆ ಕುಡಿತ, ಡ್ರಗ್ಸ್‌ನಲ್ಲಿ ಮುಳುಗಿದ್ದ ಪೀಟರ್‌ನನ್ನು ದೇವರ ಕಡೆ ತಿರುಗಿಸಿದ್ದೇ ಬಿಯಾ. ಅವಳೇ ದೇವರನ್ನು ಕೈಬಿಡುತ್ತಾಳೆ. ಪೀಟರ್ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು.

ಇದನ್ನು ಬರೆಯುವಾಗ ಫೇಬರ್ ಅವರ ಪತ್ನಿ ಈವಾ ಕ್ಯಾನ್ಸರಿನಿಂದ ಬಳಲುತ್ತಿದ್ದರು. 2014ರಲ್ಲೇ ತೀರಿಕೊಂಡರು. ಪತ್ರಗಳಲ್ಲಿ ಅಷ್ಟು ನೋವು ಎಲ್ಲಿಂದ ಬಂತು ಅನ್ನುವುದಕ್ಕೆ ನನಗೆ ಹೊಳೆಯುವ ಉತ್ತರ ಇದೇ.