ನಿಶ್ಚಯದ ಉಂಗುರ ಮಾರಲು ಯಾರನ್ನು ಕೇಳಬೇಕು?

ಪ್ರಶ್ನೆ: ನಾನು ಕಲಬುರಗಿಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 34. ಎರಡು ವರ್ಷಗಳ ಹಿಂದೆ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನವಾಯಿತು. ಎಂಟು ವರ್ಷದ ಮಗಳೊಂದಿಗೆ ತವರಿನಲ್ಲಿದ್ದೇನೆ. 2016ರಲ್ಲಿ ನಿಶ್ಚಯದ ದಿನ ಅವರ ಮನೆಯವರು ನನಗೆ ಹಾಕಿದ, ಬಿಳಿ ಹರಳಿರುವ ಸುಮಾರು ಆರು ಗ್ರಾಮಿನ ಉಂಗುರ ನನ್ನ ಬಳಿಯೇ ಉಳಿದಿದೆ. ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದೇನೆ. ದಿನವೂ ರೊಟ್ಟಿಗೆ ಹಿಟ್ಟು ತೆಗೆಯುವಾಗ ಅದು ಕೈಗೆ ತಾಗುತ್ತದೆ. ಅದನ್ನು ಮಾರಿ ಬಿ.ಎಡ್. ಮೊದಲ ವರ್ಷದ ಫೀ ಕಟ್ಟಬೇಕೆಂದಿದ್ದೇನೆ. ಅವ್ವ, “ಬಂಗಾರ ಮಾರಬ್ಯಾಡ, ಅವರಿಗೇ ತಿರುಗಿ ಕೊಟ್ಟುಬಿಡು, ಇಲ್ಲಾಂದ್ರ ಶರಣಬಸಪ್ಪನ ಹುಂಡಿಗಿ ಹಾಕು” ಎನ್ನುತ್ತಾಳೆ. ಅಪ್ಪ ಅಳಿಯನಿಗೆ ಹಾಕಿದ ಒಂದು ತೊಲದ ಉಂಗುರ ವಾಪಸ್ ಬರುವ ತನಕ ಇದನ್ನು ಮುಟ್ಟಬಾರದು ಎಂಬುದು ಅಣ್ಣನ ವಾದ. ಮಗಳಿಗೆ ಝುಮಕಿ ಮಾಡಿಸೆಂದು ಅತ್ತಿಗೆ ಹೇಳುತ್ತಾರೆ. ಇಲ್ಲಿನ ಸರಾಫ್ ಬಜಾರಿನಲ್ಲಿ ಎಲ್ಲರೂ ಗುರುತಿನವರು, ಅಂಗಡಿಯ ಬಿಲ್ಲೂ ನನ್ನ ಬಳಿ ಇಲ್ಲ. ಸೊಲ್ಲಾಪುರಕ್ಕೆ ಹೋಗಿ ಮಾರಿ ಬರಲೇ? ಮಾಜಿ ಪತಿಯನ್ನು ಒಂದು ಮಾತು ಕೇಳಬೇಕೇ? ನಾನು ಮಾಡುತ್ತಿರುವುದು ತಪ್ಪೇ?

ಉತ್ತರ: ಅವ್ವ, ಅಣ್ಣ, ಅತ್ತಿಗೆ ಮೂವರ ಮಾತನ್ನೂ ನೀವು ವಿವರವಾಗಿ ಬರೆದಿದ್ದೀರಿ. ನಿಮ್ಮ ಇಚ್ಛೆಯನ್ನು ಮಾತ್ರ ಒಂದೇ ಸಾಲಿನಲ್ಲಿ ಹೇಳಿ, ಅದು ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ. ವಿಚ್ಛೇದನವಾದ ವಾರದಲ್ಲಿ, ಸಿಟ್ಟಿನ ಭರದಲ್ಲಿ ಮಾರಲು ಹೊರಟಿದ್ದರೆ ಸ್ವಲ್ಪ ತಡೆಯಿರಿ ಎನ್ನುತ್ತಿದ್ದೆ. ಎರಡು ವರ್ಷ ಅದನ್ನು ಎದುರಿಗೇ ಇಟ್ಟುಕೊಂಡು, ಯಾವ ಕೆಲಸಕ್ಕೆ ಹಣ ಬೇಕೆಂಬುದನ್ನೂ ಖಚಿತಮಾಡಿಕೊಂಡಿರುವ ನೀವು ಇನ್ನೂ ಕಾಯುವುದರಿಂದ ಲಾಭವೇನೂ ಕಾಣುವುದಿಲ್ಲ.

ಮೊದಲು ಉಂಗುರ ಯಾರದೆಂಬ ವಿಚಾರ. ಮದುವೆಗೆ ಮುಂಚೆ, ಮದುವೆಯ ಹೊತ್ತಿನಲ್ಲಿ ಅಥವಾ ಅದರ ನಂತರ ಹೆಣ್ಣಿಗೆಂದೇ ಉಡುಗೊರೆಯಾಗಿ ಬಂದ ಒಡವೆ, ಕೊಟ್ಟವರು ತವರಿನವರಾಗಲಿ ಗಂಡನ ಮನೆಯವರಾಗಲಿ, ಅವಳ ಸ್ತ್ರೀಧನ. ಅದರ ಮೇಲೆ ಅವಳಿಗೆ ಪೂರ್ಣ ಒಡೆತನವಿದೆ, ಗಂಡ ಅದರಲ್ಲಿ ಪಾಲುದಾರನಲ್ಲ ಎಂದು 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. 2024ರ ತೀರ್ಪೊಂದರಲ್ಲಿಯೂ ಅದನ್ನೇ ಎತ್ತಿಹಿಡಿಯಿತು. ಮದುವೆ ಮುರಿದ ಮಾತ್ರಕ್ಕೆ ಈ ಒಡೆತನ ಹೋಗುವುದಿಲ್ಲ. ಆದರೆ ನಿಮ್ಮದು ಪರಸ್ಪರ ಒಪ್ಪಿಗೆಯ ವಿಚ್ಛೇದನವಾದ್ದರಿಂದ, ಕೋರ್ಟಿಗೆ ಕೊಟ್ಟ ಒಪ್ಪಂದದ ಪತ್ರದಲ್ಲಿ ಒಡವೆಗಳ ಬಗ್ಗೆ ಏನು ಬರೆದಿದೆ ಎಂಬುದನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಇಂಥಿಂಥ ಒಡವೆಯನ್ನು ಹಿಂದಿರುಗಿಸತಕ್ಕದ್ದು ಎಂಬ ಸಾಲಿದ್ದು, ಆ ಪಟ್ಟಿಯಲ್ಲಿ ಈ ಉಂಗುರವೂ ಇದ್ದರೆ ಹಿಂದಿರುಗಿಸಲೇಬೇಕು. ಅವರವರ ಬಳಿ ಇರುವುದು ಅವರವರದು ಎಂದಿದ್ದರೆ, ಅಥವಾ ಉಂಗುರದ ಪ್ರಸ್ತಾಪವೇ ಇಲ್ಲದಿದ್ದರೆ, ಮಾರಲು ಯಾರ ಅಪ್ಪಣೆಯೂ ಬೇಕಿಲ್ಲ. ಒಕ್ಕಣೆ ಗೊಂದಲವಾಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆ ಪತ್ರವನ್ನು ತೋರಿಸಿ. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಅಲ್ಲಿ ಉಚಿತ ಸಲಹೆ ಸಿಗುತ್ತದೆ.

ಆದ್ದರಿಂದ ಮಾಜಿ ಪತಿಯನ್ನು ಕೇಳುವ ಅಗತ್ಯವಿಲ್ಲ. ಉಂಗುರ ಅವರ ಅಜ್ಜಿಯ ಕಾಲದಿಂದ ಬಂದದ್ದಾಗಿದ್ದರೆ, ಮಾರುವ ಮೊದಲು ಅವರಿಗೊಂದು ಮಾತು ತಿಳಿಸುವುದು ಸೌಜನ್ಯ ಎನ್ನುತ್ತಿದ್ದೆ. ನಿಮ್ಮದು ಅಂಗಡಿಯಲ್ಲಿ ಹೊಸದಾಗಿ ಕೊಂಡ ಉಂಗುರ. ಅದರ ನೆಪದಲ್ಲಿ ನಿಂತುಹೋದ ಮಾತುಕತೆಯನ್ನು ಮತ್ತೆ ಶುರುಮಾಡುವುದು ಬೇಡ.

ಅಣ್ಣನ ವಾದದ ಬಗ್ಗೆ ತುಸು ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನಿಮ್ಮನ್ನು ನಿಜವಾಗಿ ಕಟ್ಟಿಹಾಕಿರುವುದು ಅದೇ ಎಂದು ನನಗನ್ನಿಸುತ್ತದೆ. ಅಪ್ಪ ಬೆವರು ಸುರಿಸಿ ಗಳಿಸಿದ ಒಂದು ತೊಲ ಬಂಗಾರ ಅವರ ಮನೆಯಲ್ಲಿ ಉಳಿಯಿತೆಂಬ ಸಂಕಟ ನ್ಯಾಯವಾದದ್ದೇ. ಆದರೆ ಆ ಉಂಗುರದ ಲೆಕ್ಕ ಕೇಳಬೇಕಿದ್ದದ್ದು ಒಪ್ಪಂದ ಬರೆಯುವಾಗ. ಈಗಲೂ ಕೇಳಲೇಬೇಕೆಂದಿದ್ದರೆ ಅದನ್ನು ವಕೀಲರ ಮೂಲಕ ಪ್ರತ್ಯೇಕವಾಗಿ ಕೇಳಬಹುದು. ನಿಮ್ಮ ಉಂಗುರವನ್ನು ಅದಕ್ಕೆ ಒತ್ತೆಯಾಗಿ ಹಿಡಿದುಕೊಂಡರೆ ಅವರಿಗೆ ಯಾವ ನಷ್ಟವೂ ಇಲ್ಲ, ನಿಮ್ಮ ಫೀ ಕಟ್ಟುವ ಕೊನೆಯ ದಿನ ಮಾತ್ರ ದಾಟಿಹೋಗುತ್ತದೆ. ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರಿಗೆ ನೌಕರಿಯಲ್ಲಿ ಮೀಸಲಾತಿ ಇರುವ ನಮ್ಮ ಭಾಗದಲ್ಲಿ ಸರ್ಕಾರಿ ಶಿಕ್ಷಕ ಹುದ್ದೆಯ ಅರ್ಜಿ ಕರೆದಾಗ ಕೈಯಲ್ಲಿ ಬಿ.ಎಡ್. ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸವೆಂದು ಶಾಲೆಯಲ್ಲಿ ಪಾಠ ಮಾಡುವ ನಿಮಗೆ ಹೇಳಬೇಕಾಗಿಲ್ಲ, ಅಣ್ಣನಿಗೆ ಹೇಳಿ.

ಝುಮಕಿಯ ಸಲಹೆ ಪ್ರೀತಿಯಿಂದಲೇ ಬಂದಿದೆ, ಆದರೂ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಕರಗಿಸಿ ಮಾಡಿಸುವಾಗ ಹೊಸದಾಗಿ ಕೂಲಿ ತೆರಬೇಕು, ಸವಕಳಿ ಹೋಗುತ್ತದೆ. ಇಷ್ಟು ಖರ್ಚು ಮಾಡಿದ ಮೇಲೂ ನಿಮಗೆ ಬೇಡವಾದದ್ದು ಮಗಳ ಕಿವಿಯಲ್ಲಿ ದಿನವೂ ಕಣ್ಣಿಗೆ ಬೀಳುತ್ತಿರುತ್ತದೆ. ನೌಕರಿ ಸಿಕ್ಕ ಮೇಲೆ ಅವಳಿಗೆ ನಿಮ್ಮ ಸಂಬಳದಲ್ಲಿ ಒಂದು ಜೊತೆ ಕೊಡಿಸಿ. ಹುಂಡಿಯ ವಿಷಯವೂ ಹಾಗೆಯೇ: ದಾನ ಕೊಡುವ ಮನಸ್ಸು ನಿಮಗೇ ಬಂದಾಗ ಕೊಡಿ, ಸಂಕೋಚದ ವಸ್ತುವನ್ನು ದೂರ ಮಾಡಲು ದೇವರನ್ನು ದಾರಿಯಾಗಿಸಿಕೊಳ್ಳಬೇಡಿ. ಒತ್ತೆ ಇಟ್ಟು ಸಾಲ ತೆಗೆಯಿರೆಂದು ಯಾರಾದರೂ ಹೇಳಬಹುದು. ಬಿಡಿಸಿಕೊಳ್ಳುವ ಆಸೆ ಇರುವ ಒಡವೆಗೆ ಅದು ಸರಿ, ಬೇಡದ ವಸ್ತುವಿಗೆ ಯಾರು ಬಡ್ಡಿ ಕಟ್ಟುತ್ತಾರೆ?

ಇನ್ನು ಮಾರುವ ಕೆಲಸ. ಸೊಲ್ಲಾಪುರ ಬೇಡ. ಗುರುತಿಲ್ಲದ ಊರಿನಲ್ಲಿ, ಬಿಲ್ಲಿಲ್ಲದ ಉಂಗುರ ಹಿಡಿದು ಒಬ್ಬರೇ ನಿಂತರೆ ನಿಮ್ಮ ಅವಸರ ಮುಖದಲ್ಲಿಯೇ ಕಾಣುತ್ತದೆ, ಅದಕ್ಕೆ ತಕ್ಕಂತೆ ದರ ಇಳಿಯುತ್ತದೆ. ಗುರುತಿನ ಸರಾಫರಿಗೆ ನಾಳೆಯೂ ನಿಮ್ಮ ಮನೆಯವರ ಮುಖ ನೋಡಬೇಕಾದ ದಾಕ್ಷಿಣ್ಯವಿರುತ್ತದೆ. ಗುರುತೇ ಬೇಡವೆನ್ನುವುದಾದರೆ ಕಲಬುರಗಿಯ ದೊಡ್ಡ ಷೋರೂಮುಗಳೂ ಹಳೆಯ ಬಂಗಾರ ಕೊಳ್ಳುತ್ತವೆ. ಅಲ್ಲಿ ಕೌಂಟರಿನ ಹುಡುಗನಿಗೆ ನಿಮ್ಮ ಸಂಸಾರದ ಕಥೆ ಬೇಕಾಗಿಲ್ಲ, ಗುರುತಿನ ಚೀಟಿ ಸಾಕು.

ಹೊರಡುವ ಮುಂಚೆ ಉಂಗುರದ ಒಳಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಬಂಗಾರದ ಶುದ್ಧತೆಗೆ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ತ್ರಿಕೋನ ಮುದ್ರೆ, 916 ಎಂಬ ಅಂಕಿ ಮತ್ತು ಅಂಗಡಿಯ ಗುರುತು ಇದ್ದರೆ ಅದು 22 ಕ್ಯಾರೆಟ್ಟಿನದು. 750 ಎಂದಿದ್ದರೆ 18 ಕ್ಯಾರೆಟ್. ಹರಳಿನ ಉಂಗುರಗಳು ಎಷ್ಟೋ ಸಲ 18 ಕ್ಯಾರೆಟ್ ಆಗಿರುತ್ತವೆ, ಹಾಗಿದ್ದರೆ ನಿರಾಶರಾಗಬೇಡಿ. ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತು ಬಂದದ್ದು 2021ರ ಜುಲೈನಲ್ಲಿ, ಆದ್ದರಿಂದ ನಿಮ್ಮ ಉಂಗುರದಲ್ಲಿ ಅದು ಇರುವುದಿಲ್ಲ. ಅದಿಲ್ಲವೆಂಬ ಕಾರಣ ಹೇಳಿ ಯಾರಾದರೂ ದರ ತಗ್ಗಿಸಿದರೆ ಒಪ್ಪಬೇಡಿ. ಆ ಗುರುತು ಇರಲೇಬೇಕೆಂಬ ನಿಯಮ ಅಂಗಡಿಯವರು ಗ್ರಾಹಕರಿಗೆ ಮಾರುವ ಒಡವೆಗೆ ಅನ್ವಯಿಸುತ್ತದೆ, ನೀವು ಮಾರುವ ಹಳೆಯ ಬಂಗಾರಕ್ಕಲ್ಲ.

ಅಂಗಡಿಯಲ್ಲಿ ಮೊದಲು ಹರಳು ಬಿಡಿಸಿ, ಆಮೇಲೆ ತೂಕ ಹಾಕಲು ಹೇಳಿ, ಬಿಡಿಸಿದ ಹರಳನ್ನು ಕೇಳಿ ಪಡೆಯಿರಿ. ಅಮೆರಿಕನ್ ಡೈಮಂಡ್ ಆಗಿದ್ದರೆ ಅದಕ್ಕೆ ಬೆಲೆ ಬರುವುದಿಲ್ಲ, ನಿಜವಾದ ವಜ್ರವಾಗಿದ್ದರೆ ಪ್ರಮಾಣಪತ್ರ ಕೇಳುತ್ತಾರೆ. ಶುದ್ಧತೆಯನ್ನು ಒರೆಗಲ್ಲಿನಲ್ಲಿ ಮಾತ್ರವಲ್ಲದೆ ಯಂತ್ರದಲ್ಲಿಯೂ ನಿಮ್ಮೆದುರಿಗೇ ಪರೀಕ್ಷಿಸಲಿ. ಹರಳು ಹೋಗಿ ಐದೂವರೆ ಗ್ರಾಂ ಉಳಿದು, ಅದು 22 ಕ್ಯಾರೆಟ್ ಆಗಿದ್ದರೆ, ಅದರಲ್ಲಿ ಅಪ್ಪಟ ಬಂಗಾರ ಐದು ಗ್ರಾಮಿಗೆ ತುಸು ಮೇಲಿರುತ್ತದೆ. ಆ ದಿನದ ದರದಲ್ಲಿ ಇದಕ್ಕೆಷ್ಟು, ಕರಗಿಸುವ ಲೆಕ್ಕದಲ್ಲಿ ಎಷ್ಟು ಕಡಿತ ಎಂದು ಬಿಡಿಸಿ ಕೇಳಿ. ಅವರ ಮನೆಯವರು ಆಗ ಕೊಟ್ಟಿದ್ದ ಕೂಲಿಯೂ ತೆರಿಗೆಯೂ ತಿರುಗಿ ಬರುವುದಿಲ್ಲ. ಕನಿಷ್ಠ ಎರಡು ಅಂಗಡಿಗಳಲ್ಲಿ ವಿಚಾರಿಸಿ, ಮತ್ತು ಬೆಲೆ ಒಪ್ಪಿಗೆಯಾಗುವ ಮೊದಲು ಉಂಗುರವನ್ನು ಕರಗಿಸಲು ಬಿಡಲೇಬೇಡಿ. ಒಮ್ಮೆ ಕರಗಿ ಗುಂಡಾದ ಮೇಲೆ ಬೇಡವೆಂದು ಎದ್ದುಬರುವುದು ಕಷ್ಟ.

ಹತ್ತು ಸಾವಿರ ರೂಪಾಯಿ ಮೀರಿದ ಮೊತ್ತವನ್ನು ಅಂಗಡಿಯವರು ತಮ್ಮ ತೆರಿಗೆಯ ಲೆಕ್ಕದ ಕಾರಣಕ್ಕೆ ಸಾಮಾನ್ಯವಾಗಿ ನಗದಾಗಿ ಕೊಡದೆ ಬ್ಯಾಂಕಿಗೆ ಹಾಕುತ್ತಾರೆ. ಅದು ನಿಮ್ಮ ಖಾತೆಗೇ ಬರಲಿ, ಅಣ್ಣನ ಖಾತೆಗಲ್ಲ. ಅಂಗಡಿಯ ರಸೀದಿಯನ್ನು ಜೋಪಾನ ಮಾಡಿ, ಆದಾಯ ತೆರಿಗೆ ವಿವರ ಸಲ್ಲಿಸುವವರಾದರೆ ಈ ಮಾರಾಟವನ್ನು ಅದರಲ್ಲಿ ತೋರಿಸಬೇಕು.

ಕೊನೆಗೆ ಉಳಿದದ್ದು ಅವ್ವನ ಮಾತು. ಈ ತೊಗರಿ ಸೀಮೆಯಲ್ಲಿ ಮುಂಗಾರಿನ ಬೀಜ-ಗೊಬ್ಬರಕ್ಕೆಂದು ಬೋರಮಾಳವನ್ನೋ ಪಾಟ್ಲಿಯನ್ನೋ ಒತ್ತೆ ಇಡದ ಮನೆಗಳು ಅಪರೂಪ. ನಿಮ್ಮ ಅವ್ವನೂ ಎಂದಾದರೂ ಇಟ್ಟಿರಬಹುದು, ಕೇಳಿ ನೋಡಿ. ಬಂಗಾರ ಕಷ್ಟಕಾಲಕ್ಕೆ ಇರುವುದೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಾರಿದರೆ ಮಗಳು ಆ ಮನೆಯಿಂದ ಪೂರ್ತಿ ಹೊರಗೆ ಬಂದಂತಾಯಿತು ಎಂಬ ದುಃಖವೇ ಅವರ ಬಾಯಲ್ಲಿ “ಮಾರಬ್ಯಾಡ” ಎಂದು ಬರುತ್ತಿದೆಯೇನೋ. ಅವರೊಂದಿಗೆ ವಾದಕ್ಕೆ ಇಳಿಯಬೇಡಿ, ಅಂಗಡಿಗೆ ಜೊತೆಯಲ್ಲಿಯೇ ಕರೆದುಕೊಂಡು ಹೋಗಿ. ತಕ್ಕಡಿಯ ಮೇಲೆ ಕಣ್ಣಿಡುವುದರಲ್ಲಿ, ದರ ಕೇಳಿ “ಇಷ್ಟಕ್ಕ ಆಗಂಗಿಲ್ಲ” ಎಂದು ಎದ್ದು ನಿಲ್ಲುವುದರಲ್ಲಿ ನಿಮಗಿಂತ ಅವರೇ ಪಳಗಿದ್ದಾರು. ಮಂಗಳವಾರ, ಶುಕ್ರವಾರ ಬಂಗಾರ ಹೊರಗೆ ಹಾಕಬಾರದೆಂದು ಅವರು ಹೇಳಿದರೆ ಮರುಮಾತಿಲ್ಲದೆ ಒಪ್ಪಿಕೊಳ್ಳಿ. ಬುಧವಾರವೂ ಅಂಗಡಿ ತೆರೆದಿರುತ್ತದೆ.