ಹೊಡೆದರೂ ತಿರುಗಿ ಹೊಡೆಯದೆ ಇರುವುದು ಅಮೆರಿಕದ ಕಪ್ಪು ಹೋರಾಟಗಾರರಿಗೆ ಹೇಗೆ ಸಾಧ್ಯವಾಯಿತು?

ಅದು ಸುಮ್ನೆ ಬಂದ ತಾಳ್ಮೆ ಅಲ್ಲ. ಅಭ್ಯಾಸ ಮಾಡಿ ಕಲಿತದ್ದು.

ಟೆನೆಸ್ಸಿಯ ನ್ಯಾಶ್‌ವಿಲ್ ನಗರವನ್ನೇ ನೋಡಿ. ಅಲ್ಲಿನ ಅಂಗಡಿಗಳಲ್ಲಿ ಕಪ್ಪು ಜನ ದುಡ್ಡು ಕೊಟ್ಟು ಸಾಮಾನು ಕೊಳ್ಳಬಹುದಿತ್ತು. ಆದರೆ ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕೂರುವ ಹಾಗಿರಲಿಲ್ಲ. ನಾಗಪುರದಲ್ಲಿ ಕೆಲವು ವರ್ಷ ಇದ್ದು ಗಾಂಧಿಯ ಸತ್ಯಾಗ್ರಹವನ್ನು ಅರಿತಿದ್ದ ಜೇಮ್ಸ್ ಲಾಸನ್, ಚರ್ಚಿನಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಕೆಲವರು ದಾಳಿಕೋರರ ಪಾತ್ರ ಮಾಡಿ ಬೈಯುತ್ತಿದ್ದರು, ಕುರ್ಚಿಯಿಂದ ಕೆಳಕ್ಕೆ ತಳ್ಳುತ್ತಿದ್ದರು. ಉಳಿದವರು ಕೈ ಎತ್ತದೆ ತಲೆ ಕಾಪಾಡಿಕೊಳ್ಳುವುದನ್ನು ಕಲಿಯುತ್ತಿದ್ದರು. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು! ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

1960ರ ಫೆಬ್ರವರಿಯಲ್ಲಿ ಅವರು ಕೌಂಟರುಗಳಲ್ಲಿ ಕೂತರು. ಹೊಡೆತ ತಿಂದವರನ್ನೇ ಪೊಲೀಸರು ಬಂಧಿಸಿದರು. ಒಂದು ಗುಂಪು ಜೈಲಿಗೆ ಹೋದರೆ ಇನ್ನೊಂದು ಬಂದು ಕೂರುತ್ತಿತ್ತು. ಕಪ್ಪು ಕುಟುಂಬಗಳು ಆ ಅಂಗಡಿಗಳಲ್ಲಿ ವ್ಯಾಪಾರವನ್ನೇ ನಿಲ್ಲಿಸಿದವು. ಮಾಲೀಕರಿಗೆ ಜಾಸ್ತಿ ತಟ್ಟಿದ್ದು ಇದೇ ಅಂತ ನನಗನ್ನಿಸುತ್ತದೆ.

ಏಪ್ರಿಲ್ 19ರಂದು ವಿದ್ಯಾರ್ಥಿಗಳ ಪರ ವಕೀಲರ ಮನೆಗೆ ಬಾಂಬ್ ಬಿತ್ತು. ಅಂದೇ ಸಾವಿರಾರು ಜನ ಮೌನವಾಗಿ ನಡೆದು ಸಿಟಿ ಹಾಲ್ ತಲುಪಿದರು. ಈ ಭೇದ ಸರಿಯೇ ಎಂದು ವಿದ್ಯಾರ್ಥಿ ನಾಯಕಿ ಡಯಾನ್ ನ್ಯಾಶ್ ಮೇಯರನ್ನು ನೇರವಾಗಿ ಕೇಳಿದರು. ಸರಿಯಲ್ಲ ಎಂದು ಮೇಯರ್ ಎಲ್ಲರೆದುರೇ ಒಪ್ಪಿಕೊಂಡರು. ಮೇ 10ರಂದು ಕೌಂಟರುಗಳು ಕಪ್ಪು ಗ್ರಾಹಕರಿಗೂ ತೆರೆದವು.